ಹರಿದ ರಕ್ತಕ್ಕೆ ಉಂಡ ಮೇವೇ ಆಸರೆ

ಕೋಡು ಬುಡಕ್ಕೇ ಮುರಿದ ಎತ್ತು, ಈದ ಮೇಲೆ ರಕ್ತ ನಿಲ್ಲದೆ ನೆಲ ಹಿಡಿದ ಎಮ್ಮೆ, ಮಳೆಗಾಲ ಕಳೆಯುವ ಹೊತ್ತಿಗೆ ಕಣ್ಣಿನ ಒಳರೆಪ್ಪೆ ಬಿಳಚಿಕೊಂಡು ದವಡೆಯ ಕೆಳಗೆ ಬಾವು ಇಳಿದ ಕುರಿ: ಧಾರವಾಡ ತಾಲೂಕಿನ ಗರಗಕ್ಕಾಗಲಿ, ಅದರ ಸುತ್ತಲಿನ ಊರುಗಳಿಗಾಗಲಿ ಈ ಮೂರೂ ಹೊಸ ನೋಟಗಳಲ್ಲ. ಎತ್ತಿಗೆ ಗಾಯವಾಯಿತು, ಎಮ್ಮೆಗೆ ಈಯುವಾಗ ತೊಡಕಾಯಿತು, ಕುರಿಗೆ ಜಂತು ಹತ್ತಿತು ಎಂದು ನಾವು ಇವನ್ನು ಬೇರೆ ಬೇರೆಯಾಗಿ ನೋಡುತ್ತೇವೆ. ಮೈಯೊಳಗೆ ಮಾತ್ರ ಮೂರರಲ್ಲೂ ನಡೆಯುವುದು ಒಂದೇ, ರಕ್ತನಷ್ಟ. ಹೀಗಾದಾಗ ಊರಿನಲ್ಲಿ ಎದ್ದೇಳುವ ಪ್ರಶ್ನೆಗಳೂ ಒಂದೇ ತೆರನಾದವು. ದನದ ಡಾಕ್ಟರ್ ಬೇಗ ಬಂದರೇ, ಸಲೈನ್ ಹಚ್ಚಿದರೇ, ಇಂಜೆಕ್ಷನ್ ಸಿಕ್ಕಿತೇ? ಇವು ಕೇಳಲೇಬೇಕಾದ ಪ್ರಶ್ನೆಗಳು. ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು ಎಂಬುದು ಈ ಬರಹದ ವಾದ: ರಕ್ತ ಹೋಗುವ ಮೊದಲಿನ ವಾರಗಳಲ್ಲಿ ಆ ಪ್ರಾಣಿ ಏನು ತಿಂದಿತ್ತು? ಎಷ್ಟು ರಕ್ತ ಹೋದರೂ ಜೀವ ಹಿಡಿದು ನಿಲ್ಲಬಲ್ಲದು ಎಂಬುದರಲ್ಲಿ ದೊಡ್ಡ ಪಾಲನ್ನು ಅದರ ಯಕೃತ್ತಿನಲ್ಲಿ ಉಳಿದಿರುವ ದಾಸ್ತಾನು ನಿರ್ಧರಿಸುತ್ತದೆ. ಆ ದಾಸ್ತಾನನ್ನು ಡಾಕ್ಟರ್ ತಮ್ಮ ಚೀಲದಲ್ಲಿ ತರಲಾರರು. ಆದ್ದರಿಂದ ಮೇವು ಕೊಡುವುದನ್ನು ರಕ್ತನಷ್ಟದ ಚಿಕಿತ್ಸೆಯ ಮೊದಲ ಭಾಗವೆಂದೇ ನಮ್ಮ ಪಶುಪಾಲನಾ ವ್ಯವಸ್ಥೆ ಎಣಿಸಬೇಕು.

ಮೊದಲು ಮೈಯೊಳಗಿನ ಲೆಕ್ಕ ನೋಡೋಣ. ದನ ಎಮ್ಮೆಗಳಲ್ಲಿ ಮೈತೂಕದ ನೂರಕ್ಕೆ ಏಳೆಂಟು ಪಾಲು ರಕ್ತವಿರುತ್ತದೆ. 400 ಕಿಲೋ ತೂಗುವ ಎಮ್ಮೆಗೆ ಸುಮಾರು 30 ಲೀಟರ್. ಅದರಲ್ಲಿ ಹತ್ತನೇ ಒಂದು ಪಾಲು ಹೋದರೆ ಹೊರಗಿನ ಕಣ್ಣಿಗೆ ಏನೂ ಕಾಣದೆ ಇರಬಹುದು. ಮೂರನೇ ಒಂದು ಪಾಲು, ಅಂದರೆ ಹತ್ತು ಲೀಟರಿನಷ್ಟು, ಬೇಗಬೇಗನೆ ಹೋದರೆ ಜೀವಕ್ಕೇ ಕುತ್ತು. ಈ ಎರಡರ ನಡುವಿನ ಹೊತ್ತಿನಲ್ಲಿ ಪ್ರಾಣಿಯನ್ನು ಉಳಿಸಲು ಅದರ ಮೈ ತಾನೇ ಕೆಲಸಕ್ಕೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿ ಮತ್ತು ಹೃದಯದ ಬಳಿ ಇರುವ ನರತುದಿಗಳು ಒತ್ತಡ ಇಳಿದದ್ದನ್ನು ಮಿದುಳಿಗೆ ತಿಳಿಸುತ್ತವೆ. ಕೆಲವೇ ಕ್ಷಣಗಳಲ್ಲಿ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಸುರಿಯುತ್ತದೆ. ಹೃದಯ ಜೋರಾಗಿ ಬಡಿಯತೊಡಗುತ್ತದೆ. ಚರ್ಮ ಮತ್ತು ಕರುಳಿನ ನಾಳಗಳು ಬಿಗಿದುಕೊಂಡು ಉಳಿದ ರಕ್ತವನ್ನು ಮಿದುಳು ಮತ್ತು ಹೃದಯದ ಕಡೆ ತಿರುಗಿಸುತ್ತವೆ. ಕಿವಿ ತಣ್ಣಗಾಗುವುದು, ವಸಡು ಬಿಳಚುವುದು ಇದರಿಂದಲೇ. ಕಿಡ್ನಿಯು ರೆನಿನ್ ಬಿಡುಗಡೆ ಮಾಡಿ ಆಂಜಿಯೊಟೆನ್ಸಿನ್ ಮತ್ತು ಆಲ್ಡೊಸ್ಟೆರೋನುಗಳನ್ನು ಎಬ್ಬಿಸುತ್ತದೆ, ಉಪ್ಪು ಮೂತ್ರದಲ್ಲಿ ಹೋಗದಂತೆ ತಡೆಯುತ್ತದೆ. ಪಿಟ್ಯುಟರಿಯಿಂದ ಬರುವ ವಾಸೊಪ್ರೆಸಿನ್ ನೀರನ್ನು ಹಿಡಿದಿಡುತ್ತದೆ. ಅದೇ ಗ್ರಂಥಿಯ ಮತ್ತೊಂದು ಆಜ್ಞೆಗೆ ಕಾರ್ಟಿಸಾಲ್ ಏರುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಗ್ಲೂಕಗಾನ್ ಹೆಚ್ಚುತ್ತದೆ, ಇನ್ಸುಲಿನ್ ಬಿಡುಗಡೆಯನ್ನು ನರಗಳೇ ಹಿಡಿದು ನಿಲ್ಲಿಸುತ್ತವೆ. ಇಷ್ಟೊಂದು ಹಾರ್ಮೋನುಗಳು ಬೇರೆ ಬೇರೆ ದಾರಿಯಲ್ಲಿ ಬಂದರೂ ಅಡ್ರಿನಲಿನ್, ಗ್ಲೂಕಗಾನ್, ಕಾರ್ಟಿಸಾಲ್, ವಾಸೊಪ್ರೆಸಿನ್ ಎಲ್ಲವೂ ಯಕೃತ್ತಿಗೆ ಹೇಳುವ ಮಾತು ಒಂದೇ: ಇಟ್ಟುಕೊಂಡ ಸಕ್ಕರೆಯನ್ನು ಹೊರಗೆ ಬಿಡು. ರಕ್ತ ಹೋಗುತ್ತಿರುವ ಪ್ರಾಣಿಯಲ್ಲಿ ರಕ್ತದ ಸಕ್ಕರೆ ಇಳಿಯುವ ಬದಲು ಏರುವುದಕ್ಕೆ ಕಾರಣ ಇದು.

ಇದು ಇತ್ತೀಚಿನ ಶೋಧವೇನಲ್ಲ. ಯಕೃತ್ತು ಸಕ್ಕರೆಯನ್ನು ತಯಾರಿಸಬಲ್ಲದು, ಅದನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಡಬಲ್ಲದು ಎಂದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಕ್ಲೋಡ್ ಬರ್ನಾರ್. ಒಂದೇ ಪ್ರಾಣಿಯಿಂದ ಮತ್ತೆ ಮತ್ತೆ ರಕ್ತ ತೆಗೆದರೆ ನಂತರದ ರಕ್ತದಲ್ಲಿ ಸಕ್ಕರೆ ಹೆಚ್ಚು ಇರುತ್ತದೆ ಎಂಬುದನ್ನೂ ಅವನು ಗಮನಿಸಿದ್ದ. ಮಧುಮೇಹದ ಬಗೆಗಿನ ಅವನ ಉಪನ್ಯಾಸಗಳು 1877ರಲ್ಲಿ ಪುಸ್ತಕವಾದವು. ಅಮೆರಿಕದ ವಾಲ್ಟರ್ ಕ್ಯಾನನ್ 1911ರಲ್ಲಿ, ನಾಯಿ ಬೊಗಳಿ ಹೆದರಿಸಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದನ್ನೂ, ಅಡ್ರಿನಲ್ ಗ್ರಂಥಿ ತೆಗೆದ ಬೆಕ್ಕುಗಳಲ್ಲಿ ಅದು ಕಾಣಿಸದಿರುವುದನ್ನೂ ವರದಿ ಮಾಡಿದ. ಮೊದಲ ಮಹಾಯುದ್ಧದಲ್ಲಿ ಗಾಯಾಳು ಸೈನಿಕರ ಆಘಾತಸ್ಥಿತಿಯನ್ನು ಹತ್ತಿರದಿಂದ ಅಧ್ಯಯನ ಮಾಡಿದವನೂ ಅವನೇ. ಮೈಯೊಳಗಿನ ಸ್ಥಿತಿಯನ್ನು ಸಮವಾಗಿ ಕಾಯ್ದುಕೊಳ್ಳುವ ಈ ಗುಣಕ್ಕೆ 1926ರಲ್ಲಿ ಹೋಮಿಯೊಸ್ಟೇಸಿಸ್ ಎಂದು ಹೆಸರಿಟ್ಟ. ಹೆದರಿಕೆ, ನೋವು, ರಕ್ತನಷ್ಟ ಇವೆಲ್ಲಕ್ಕೂ ಮೈ ಒಂದೇ ಭಾಷೆಯಲ್ಲಿ ಉತ್ತರ ಕೊಡುತ್ತದೆ ಎಂಬುದು ಅಂದಿನಿಂದ ಸ್ಥಿರಪಟ್ಟ ತಿಳಿವಳಿಕೆ.

ಹೀಗೆ ಹೊರಬಿದ್ದ ಸಕ್ಕರೆ ಮಾಡುವ ಕೆಲಸ ಎರಡು. ಮಿದುಳಿಗೆ ಗ್ಲೂಕೋಸ್ ಬೇಕೇ ಬೇಕು, ಆ ಪೂರೈಕೆ ತಪ್ಪದಂತೆ ನೋಡಿಕೊಳ್ಳುವುದು ಮೊದಲನೆಯದು. ಎರಡನೆಯದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ, ನನ್ನ ವಾದ ನಿಂತಿರುವುದೂ ಅದರ ಮೇಲೆಯೇ. ಸಕ್ಕರೆ ಕರಗಿದ ದ್ರವ ನೀರನ್ನು ತನ್ನೆಡೆ ಸೆಳೆಯುತ್ತದೆ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಜೀವಕೋಶಗಳ ಒಳಗಿನ ನೀರು, ಮುಖ್ಯವಾಗಿ ಮಾಂಸಖಂಡದ ನೀರು, ಹೊರಗೆ ಬಂದು ನಾಳಗಳನ್ನು ತುಂಬುತ್ತದೆ. ಸ್ವೀಡನ್ನಿನ ಯಾರ್ಹುಲ್ಟ್ 1970ರ ದಶಕದಲ್ಲಿ ಬೆಕ್ಕುಗಳಲ್ಲಿ ಇದನ್ನು ಅಳೆದು ತೋರಿಸಿದರು. ಅದೇ ದಶಕದಲ್ಲಿ ಅಮೆರಿಕದ ಡೊನಾಲ್ಡ್ ಗಾನ್ ಮತ್ತು ಸಂಗಡಿಗರು ನಾಯಿಗಳಲ್ಲಿ ನಡೆಸಿದ ಪ್ರಯೋಗಗಳು, ಕಾರ್ಟಿಸಾಲ್ ಏರದಿದ್ದರೆ ಕಳೆದುಹೋದ ರಕ್ತದ ಪ್ರಮಾಣ ಪೂರ್ತಿ ತುಂಬಿಕೊಳ್ಳುವುದಿಲ್ಲ ಎಂದು ಹೇಳಿದವು. ಲೆಕ್ಕ ಹಾಕಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ. 400 ಕಿಲೋ ಎಮ್ಮೆಯ ಜೀವಕೋಶಗಳೊಳಗೆ ಸುಮಾರು 160 ಲೀಟರ್ ನೀರಿರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಹೊರಬಂದರೂ ಒಂದೂವರೆ ಲೀಟರಿಗೆ ಮೇಲಾಯಿತು. ಬಂದದ್ದೆಲ್ಲ ನಾಳದೊಳಗೇ ಉಳಿಯುವುದಿಲ್ಲ, ಅದರ ಒಂದು ಪಾಲು ಅಂಗಾಂಶಗಳ ನಡುವೆ ನಿಲ್ಲುತ್ತದೆ, ನಿಜ. ಆದರೂ ಹೊರಗಿನಿಂದ ಒಂದು ಬಾಟಲಿಯೂ ಹಚ್ಚದ ಹೊತ್ತಿನಲ್ಲಿ ಮೈ ತನಗೆ ತಾನೇ ಕೊಟ್ಟುಕೊಳ್ಳುವ ಸಲೈನ್ ಇದು. ಗಾಯವಾದ ಹಳ್ಳಿಯಿಂದ ದವಾಖಾನೆಗೆ ದಾರಿ ದೂರವಿದ್ದಷ್ಟೂ ಈ ಮೊದಲ ಗಂಟೆಗಳ ಬೆಲೆ ಹೆಚ್ಚು.

ಈಗ ಮುಖ್ಯ ಮಾತಿಗೆ ಬರೋಣ. ಯಕೃತ್ತಿನ ಗ್ಲೈಕೊಜೆನ್ ನಮ್ಮ ಸೀಮೆಯ ಹಗೇವಿನಂಥದ್ದು. ಸುಗ್ಗಿಯಲ್ಲಿ ತುಂಬಿದ್ದರೆ ಮಾತ್ರ ಕಷ್ಟಕಾಲದಲ್ಲಿ ತೆಗೆಯಲು ಕಾಳು. ಅಡ್ರಿನಲಿನ್ ಎಷ್ಟೇ ಸುರಿದರೂ ಖಾಲಿ ಯಕೃತ್ತು ಕೊಡುವುದೇನು? ಮಾಂಸಖಂಡದಲ್ಲೂ ಗ್ಲೈಕೊಜೆನ್ ಇದೆ, ಆದರೆ ಅದನ್ನು ನೇರವಾಗಿ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುವ ಕಿಣ್ವ ಅಲ್ಲಿಲ್ಲ. ಅದು ಲ್ಯಾಕ್ಟೇಟ್ ಆಗಿ ಯಕೃತ್ತಿಗೆ ಹೋಗಿ ಅಲ್ಲಿ ಮತ್ತೆ ಸಕ್ಕರೆಯಾಗಬೇಕು, ರಕ್ತವೂ ಆಮ್ಲಜನಕವೂ ತಲುಪದ ಯಕೃತ್ತಿಗೆ ಆ ಕೆಲಸ ಆಗುವುದಿಲ್ಲ. ಸ್ವೀಡನ್ನಿನ ಊಲೆ ಯುಂಗ್‌ಕ್ವಿಸ್ಟ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಇದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಒಂದು ಗುಂಪಿಗೆ ಹೊಟ್ಟೆ ತುಂಬ ಆಹಾರ, ಇನ್ನೊಂದಕ್ಕೆ ಒಂದು ದಿನದ ಉಪವಾಸ, ಎರಡಕ್ಕೂ ಒಂದೇ ಬಗೆಯ ರಕ್ತನಷ್ಟ. ಉಂಡ ಇಲಿಗಳ ಸಕ್ಕರೆ ಏರಿತು, ರಕ್ತದ ಪ್ರಮಾಣ ತುಂಬಿಕೊಂಡಿತು, ಅವು ಬದುಕಿದವು. ಉಪವಾಸವಿದ್ದವುಗಳಲ್ಲಿ ಸಕ್ಕರೆ ಏರಲಿಲ್ಲ, ಅಷ್ಟೇ ರಕ್ತನಷ್ಟಕ್ಕೆ ಅವು ಸತ್ತವು. ಉಪವಾಸವಿದ್ದರೂ ಗ್ಲೂಕೋಸ್ ಹನಿಸಿದವು ಚೇತರಿಸಿಕೊಂಡವು. ಈ ಪ್ರಯೋಗಗಳು ಪ್ರಯೋಗಶಾಲೆಯಲ್ಲೇ ಮುಗಿಯಲಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ ರೋಗಿಯನ್ನು ಉಪವಾಸ ಕೆಡವುವ ಹಳೆಯ ಪದ್ಧತಿಯನ್ನು ಯುಂಗ್‌ಕ್ವಿಸ್ಟ್ ಪ್ರಶ್ನಿಸಿದರು, ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮುಂಚಿನವರೆಗೂ ಸಕ್ಕರೆಯುಕ್ತ ತಿಳಿಪಾನೀಯ ಕೊಡುವ ಕ್ರಮ ಇಂದು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ. ಬೆಕ್ಕು, ನಾಯಿ, ಇಲಿಗಳ ಜೀವ ತೆತ್ತು ಪಡೆದ ಈ ತಿಳಿವಳಿಕೆ ಮನುಷ್ಯರ ಶಸ್ತ್ರಚಿಕಿತ್ಸಾ ಕೊಠಡಿಗೆ ತಲುಪಿತು. ಪ್ರಾಣಿಗಳ ಕೊಟ್ಟಿಗೆಗೂ ಅದು ತಲುಪಬೇಕು ಎಂದು ಕೇಳುವುದು ನ್ಯಾಯವೇ ಆಗಿದೆ.

ಇಲ್ಲಿ ಪಶುವೈದ್ಯರು ಒಂದು ಸರಿಯಾದ ಆಕ್ಷೇಪ ಎತ್ತಬಹುದು. ಇಲಿ ಬೇರೆ, ಎಮ್ಮೆ ಬೇರೆ. ಮೆಲುಕು ಹಾಕುವ ಪ್ರಾಣಿ ಒಂದು ದಿನ ತಿನ್ನದಿದ್ದರೂ ಅದರ ಮೊದಲ ಹೊಟ್ಟೆಯಲ್ಲಿ ಹುದುಗುವಿಕೆ ನಡೆದೇ ಇರುತ್ತದೆ, ಅಲ್ಲಿ ಕೂಡಿಟ್ಟ ನೀರು ರಕ್ತದ ಕೊರತೆಗೂ ಒದಗುತ್ತದೆ. ಹಾಗಾಗಿ ಒಂದು ದಿನದ ಉಪವಾಸದಿಂದ ಇಲಿಗಾದ ಗತಿ ಎಮ್ಮೆಗೆ ಆಗುವುದಿಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದೇ ಭಿನ್ನತೆಯನ್ನು ಇನ್ನೊಂದು ಕಡೆಯಿಂದ ನೋಡಬೇಕು. ನಾವು ಉಂಡ ಅನ್ನ ರೊಟ್ಟಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ನೇರ ರಕ್ತ ಸೇರುತ್ತದೆ. ಕಣಕಿ ತಿಂದ ಎಮ್ಮೆಗೆ ಆ ದಾರಿಯಿಂದ ಸಿಗುವ ಗ್ಲೂಕೋಸ್ ತೀರ ಸ್ವಲ್ಪ. ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವನ್ನು ಆಮ್ಲಗಳಾಗಿ ಒಡೆಯುತ್ತವೆ, ಅವುಗಳಲ್ಲಿ ಪ್ರೊಪಿಯೋನಿಕ್ ಆಮ್ಲದಿಂದ ಯಕೃತ್ತು ದಿನದಿನವೂ ಸಕ್ಕರೆಯನ್ನು ಹೊಸದಾಗಿ ಕಟ್ಟಬೇಕು. ಅದಕ್ಕೇ ದನಗಳ ರಕ್ತದ ಸಕ್ಕರೆ ಸಹಜವಾಗಿಯೇ ಡೆಸಿಲೀಟರಿಗೆ 40ರಿಂದ 70 ಮಿಲಿಗ್ರಾಮಿನ ಆಸುಪಾಸಿನಲ್ಲಿರುತ್ತದೆ, ಮನುಷ್ಯರದಕ್ಕಿಂತ ಕಡಿಮೆ. ಮೇವು ಒಂದು ದಿನ ತಪ್ಪಿದರೆ ಈ ವ್ಯವಸ್ಥೆ ಕುಸಿಯುವುದಿಲ್ಲ. ತಿಂಗಳುಗಟ್ಟಲೆ ತೆಳ್ಳಗಾದರೆ ಕುಸಿಯುತ್ತದೆ. ಒಣ ಕಣಕಿಯಲ್ಲಿ ಪ್ರೋಟೀನು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಏಳಕ್ಕಿಂತ ಕಡಿಮೆಯಾದರೆ ಹೊಟ್ಟೆಯ ಸೂಕ್ಷ್ಮಜೀವಿಗಳೇ ಸೊರಗುತ್ತವೆ, ಮುಂದಿಟ್ಟ ಮೇವನ್ನೂ ಪ್ರಾಣಿ ಪೂರ್ತಿ ತಿನ್ನುವುದಿಲ್ಲ. ಗಬ್ಬದ ಕಡೆಯ ದಿನಗಳಲ್ಲಿ ಹೊಟ್ಟೆಯೊಳಗಿನ ಕರು, ಈದ ಮೇಲೆ ಕೆಚ್ಚಲು, ಇವೆರಡೂ ಇದ್ದ ಸಕ್ಕರೆಯನ್ನು ಹಿಂಡಿಕೊಳ್ಳುತ್ತವೆ. ಅವಳಿ ಮರಿ ಹೊತ್ತ ಕುರಿ ಸಕ್ಕರೆ ಕುಸಿದು ನೆಲಕ್ಕೆ ಬೀಳುವ ಗಬ್ಬದ ನಂಜು ಎಂಬ ಕಾಯಿಲೆಯನ್ನು ಕುರಿಗಾರರು ಬಲ್ಲರು. ದೊಡ್ಡ ರಕ್ತಸ್ರಾವದ ಸಾಧ್ಯತೆ ಹೆಚ್ಚಿರುವುದು ಈಯುವ ಹೊತ್ತಿನಲ್ಲಿ, ದಾಸ್ತಾನು ಬರಿದಾಗಿರುವುದೂ ಅದೇ ಹೊತ್ತಿನಲ್ಲಿ. ಇಲಿಯ ಒಂದು ದಿನದ ಉಪವಾಸಕ್ಕೆ ಎಮ್ಮೆಯಲ್ಲಿ ಸಮನಾದದ್ದು ಬೇಸಿಗೆಯ ಮೂರು ತಿಂಗಳ ಅರೆಹೊಟ್ಟೆ.

2023ರ ಬರವನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಬರಗಾಲದ ವರದಿಗಳಲ್ಲಿ ಮೇವಿನ ಲೆಕ್ಕ ಬರುವುದು ಇಷ್ಟು ವಾರಕ್ಕೆ ಸಾಕು ಎಂಬ ರೂಪದಲ್ಲಿ. ಪ್ರಾಣಿ ಹಸಿವಿನಿಂದ ಸಾಯದಿರಲು ಎಷ್ಟು ಬೇಕೋ ಅದರ ಲೆಕ್ಕ ಅದು. ಹಸಿವಿನಿಂದ ಸಾಯದ ಪ್ರಾಣಿ ಮುಂದೆ ಈಯುವಾಗಿನ ರಕ್ತಸ್ರಾವದಲ್ಲೋ ಜಂತಿನಿಂದಲೋ ಸತ್ತರೆ ಆ ಸಾವಿನ ಪಟ್ಟಿಯಲ್ಲಿ ಬರದ ಹೆಸರು ಬರುವುದಿಲ್ಲ. ಬರವಿಲ್ಲದ ವರ್ಷಗಳಲ್ಲೂ ಚಿಂತೆ ತಪ್ಪಿಲ್ಲ. ಮಲೆನಾಡಿನ ಸೆರಗು ಮತ್ತು ಬಯಲುಸೀಮೆ ಕೂಡುವ ಈ ಭಾಗದ ಕರಿನೆಲದಲ್ಲಿ ಸೋಯಾಬೀನ್, ಗೋವಿನಜೋಳ, ಕಬ್ಬು ಹಬ್ಬಿವೆ. ಬಿಳಿಜೋಳದ ಹೊಲ ಕಡಿಮೆಯಾದಷ್ಟೂ ಬಣವಿಗೆ ಬರುವ ಒಳ್ಳೆಯ ಕಣಕಿಯೂ ಕಡಿಮೆ. ರೈತ ತನಗೆ ಲಾಭದ ಬೆಳೆ ಬೆಳೆದದ್ದು ತಪ್ಪೇನೂ ಅಲ್ಲ. ಆ ಬದಲಾವಣೆಯ ಬೆಲೆಯನ್ನು ಕೊಟ್ಟಿಗೆ ಒಂದೇ ಹೊರದಂತೆ ನೋಡಿಕೊಳ್ಳುವ ಯೋಜನೆ ಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಒಮ್ಮೆಗೇ ಹರಿಯುವ ರಕ್ತಕ್ಕಿಂತ ದಿನವೂ ತೊಟ್ಟುತೊಟ್ಟಾಗಿ ಹೋಗುವ ರಕ್ತ ನಮ್ಮ ಸೀಮೆಯಲ್ಲಿ ಹೆಚ್ಚು ಪ್ರಾಣಿಗಳನ್ನು ಕಾಡುತ್ತದೆ ಎಂದು ನನ್ನ ನಂಬಿಕೆ. ಕುರಿ ಮೇಕೆಗಳ ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸುವ ಹಿಮೊಂಕಸ್ ಎಂಬ ಜಂತು ಒಂದೊಂದೂ ದಿನಕ್ಕೆ 0.05 ಮಿಲಿಲೀಟರಿನಷ್ಟು ರಕ್ತವನ್ನು ಹೀರಿ ಸೋರಿಸುತ್ತದೆ. ಒಂದು ಹುಳುವಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಎರಡು ಸಾವಿರ ಹುಳುಗಳಿದ್ದರೆ ದಿನಕ್ಕೆ 100 ಮಿಲಿಲೀಟರ್. 30 ಕಿಲೋ ತೂಗುವ ಡೆಕ್ಕನಿ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿನ ಒಳಗೆ. ಮೂರು ವಾರದಲ್ಲಿ ಅದು ತನ್ನ ಇಡೀ ರಕ್ತದಷ್ಟನ್ನು ಕಳೆದುಕೊಂಡಿರುತ್ತದೆ, ಅಷ್ಟನ್ನೂ ಹೊಸದಾಗಿ ಕಟ್ಟಬೇಕಾಗಿರುತ್ತದೆ. ಕಿಡ್ನಿಯಿಂದ ಬರುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಮೂಳೆಮಜ್ಜೆಯನ್ನು ಕೆಲಸಕ್ಕೆ ಹಚ್ಚುತ್ತದೆ, ಆದರೆ ಮಜ್ಜೆಗೆ ಕಬ್ಬಿಣ ಬೇಕು, ಪ್ರೋಟೀನು ಬೇಕು, ಶಕ್ತಿ ಬೇಕು. ರಕ್ತದ ಪ್ರೋಟೀನು ಸೋರಿಹೋದಾಗಲೇ ದವಡೆಯ ಕೆಳಗೆ ಆ ಬಾವು ಇಳಿಯುವುದು. ಗ್ಲಾಸ್ಗೋ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳು 1980ರ ದಶಕದಲ್ಲಿ ಕುರಿಮರಿಗಳಿಗೆ ಈ ಜಂತಿನ ಸೋಂಕು ಹತ್ತಿಸಿ, ಕೆಲವಕ್ಕೆ ಪ್ರೋಟೀನು ಹೆಚ್ಚಿನ ಆಹಾರವನ್ನೂ ಕೆಲವಕ್ಕೆ ಕಡಿಮೆಯದನ್ನೂ ಕೊಟ್ಟು ಹೋಲಿಸಿದರು. ಪ್ರೋಟೀನು ಕಡಿಮೆ ಸಿಕ್ಕ ಮರಿಗಳಲ್ಲಿ ರೋಗ ಹೆಚ್ಚು ತೀವ್ರವಾಗಿತ್ತು. ತಿಂದದ್ದು ರಕ್ತನಷ್ಟದ ಪರಿಣಾಮವನ್ನು ನಿರ್ಧರಿಸುತ್ತದೆ ಎಂಬ ಮಾತಿಗೆ ಇಲಿಯ ಸಾಕ್ಷ್ಯ ಸಾಲದು ಎನ್ನುವವರಿಗೆ ಕುರಿಯ ಸಾಕ್ಷ್ಯವೇ ಇದೆ. ದನಗಳ ಮೈಗೆ ಹತ್ತುವ ಉಣ್ಣಿಯದೂ ಇದೇ ಬಗೆಯ ಲೆಕ್ಕ, ಅದರ ಜೊತೆಗೆ ಅದು ಹೊತ್ತು ತರುವ ಥೈಲೇರಿಯಾದಂಥ ರೋಗಗಳು ಇದ್ದ ಕೆಂಪುಕಣಗಳನ್ನೂ ಹಾಳುಮಾಡುತ್ತವೆ.

ನಿಧಾನದ ರಕ್ತನಷ್ಟ ಪ್ರಾಣಿಯನ್ನು ಕೊಲ್ಲದೆಯೂ ಮನೆತನಕ್ಕೆ ಪೆಟ್ಟು ಕೊಡುತ್ತದೆ. ಆತಂಕದ ಹಾರ್ಮೋನುಗಳು ವಾರಗಟ್ಟಲೆ ಏರಿಯೇ ಇದ್ದಾಗ ಮಿದುಳು ಸಂತಾನದ ಹಾರ್ಮೋನುಗಳನ್ನು ಕೆಳಗಿಡುತ್ತದೆ. ಎಮ್ಮೆ ಬೆದೆಗೆ ಬರುವುದು ತಡವಾಗುತ್ತದೆ, ಕಟ್ಟಿಸಿದರೂ ಗಬ್ಬ ನಿಲ್ಲುವುದಿಲ್ಲ. ಅಡ್ರಿನಲಿನ್ ಏರಿದ ಪ್ರಾಣಿಯ ಕೆಚ್ಚಲಿಗೆ ಆಕ್ಸಿಟೋಸಿನ್ ಕೆಲಸ ಸರಿಯಾಗಿ ತಲುಪದೆ ಅದು ಹಾಲು ಇಳಿಸುವುದಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತಯಾರಾಗುವುದೂ ರಕ್ತದ ಗ್ಲೂಕೋಸಿನಿಂದಲೇ, ಅದು ಕಡಿಮೆಯಾದರೆ ಹಾಲೂ ಕಡಿಮೆ. ಧಾರವಾಡ ಫೇಡೆಗೆ ಹೆಸರು ತಂದ ಹಾಲು ಗೌಳಿಗರು ಸಾಕಿದ ಎಮ್ಮೆಗಳದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಶ್ರಮದಿಂದ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮನ್ನಣೆ ಸಿಕ್ಕಿತು. ತಳಿಗೆ ಮನ್ನಣೆ ಕೊಟ್ಟ ಮೇಲೆ ಆ ತಳಿಯ ಹೊಟ್ಟೆಯ ಹೊಣೆಯನ್ನೂ ಹೊರಬೇಕು.

ಸಕ್ಕರೆ ಏರುವುದು ರಕ್ಷಣೆಯೇ ಆದರೆ ಆಸ್ಪತ್ರೆಗಳಲ್ಲಿ ಅದನ್ನು ಇಳಿಸಲು ಯಾಕೆ ಹೆಣಗುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಅಪಘಾತದಲ್ಲಿ ರಕ್ತ ಹೋದ ಮನುಷ್ಯರಲ್ಲೂ ಸಕ್ಕರೆ ಏರುತ್ತದೆ. ಬಹಳ ಏರಿ ಬಹಳ ದಿನ ಹಾಗೇ ಉಳಿದರೆ ಸೋಂಕು ಹೆಚ್ಚುತ್ತದೆ, ಗಾಯ ಮಾಗುವುದು ನಿಧಾನವಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದನ್ನು ಬಲವಂತವಾಗಿ ಸಹಜ ಮಟ್ಟಕ್ಕೆ ತರಬೇಕೇ ಎಂಬುದನ್ನು 6,104 ರೋಗಿಗಳಲ್ಲಿ ಪರೀಕ್ಷಿಸಿದ ನೈಸ್-ಶುಗರ್ ಅಧ್ಯಯನದ ಫಲಿತಾಂಶ 2009ರಲ್ಲಿ ಹೊರಬಂತು. ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಹಿಡಿದ ಗುಂಪಿನಲ್ಲಿ ಮೂರು ತಿಂಗಳೊಳಗೆ ನೂರಕ್ಕೆ 27.5 ಮಂದಿ ತೀರಿಕೊಂಡರು. 180ರವರೆಗೆ ಬಿಟ್ಟ ಗುಂಪಿನಲ್ಲಿ 24.9 ಮಂದಿ. ಅವರೆಲ್ಲ ತುರ್ತು ನಿಗಾ ಘಟಕದ ಬಗೆಬಗೆಯ ರೋಗಿಗಳು, ರಕ್ತಸ್ರಾವದವರಷ್ಟೇ ಅಲ್ಲ. ಆದರೂ ಮೈ ತಾನಾಗಿ ಏರಿಸಿಕೊಂಡದ್ದನ್ನು ಆತುರದಿಂದ ಇಳಿಸಬಾರದು ಎಂಬ ಎಚ್ಚರಿಕೆಗೆ ಅದು ಸಾಕು. ದನಗಳ ಸಕ್ಕರೆಯನ್ನು ಮನೆಯ ಗ್ಲೂಕೋಮೀಟರಿನಲ್ಲಿ ನೋಡಿ ನಿರ್ಧಾರಕ್ಕೆ ಬರುವುದೂ ಸಲ್ಲ. ಕೆಂಪುಕಣ ಕಡಿಮೆಯಾದ ರಕ್ತದಲ್ಲಿ ಅದರ ಪರೀಕ್ಷಾ ಪಟ್ಟಿ ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತದೆ, ಇಲ್ಲದ ಧೈರ್ಯ ಕೊಡುತ್ತದೆ.

ಹಾಗಿದ್ದರೆ ರಕ್ತ ಹೋದ ದನಕ್ಕೆ ಆ ಕ್ಷಣದಲ್ಲೇ ಬೆಲ್ಲದ ನೀರು ಕುಡಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಕಾಳಜಿ ದೊಡ್ಡದು, ಫಲ ಸಣ್ಣದು. ಬೆಲ್ಲ ಮೊದಲ ಹೊಟ್ಟೆಗೆ ಹೋಗಿ ಅಲ್ಲಿ ಹುದುಗುತ್ತದೆಯೇ ಹೊರತು ಸಕ್ಕರೆಯಾಗಿ ರಕ್ತ ಸೇರುವುದಿಲ್ಲ. ಬಹಳ ಕುಡಿಸಿದರೆ ಹೊಟ್ಟೆ ಹುಳಿಯಾಗಿ ಇನ್ನೊಂದು ಕಾಯಿಲೆ ಹತ್ತುತ್ತದೆ. ನಿಶ್ಶಕ್ತವಾಗಿ ಮಲಗಿದ ಪ್ರಾಣಿಯ ಬಾಯಿಗೆ ಗೊಟ್ಟ ಇಟ್ಟು ಸುರಿದರೆ ನೀರು ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ. ಆ ಹೊತ್ತಿಗೆ ಮಾಡಬೇಕಾದದ್ದು ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿಹಿಡಿದು ರಕ್ತ ನಿಲ್ಲಿಸುವುದು, ಪ್ರಾಣಿ ಬೆದರದಂತೆ ನೆರಳಿನಲ್ಲಿ ಇಡುವುದು, ಎದ್ದು ನಿಂತಿದ್ದರೆ ಮುಂದೆ ನೀರಿಡುವುದು, 1962ಕ್ಕೆ ಕರೆ ಮಾಡಿ ಪಶು ಸಂಚಾರಿ ಚಿಕಿತ್ಸಾ ವಾಹನ ಕರೆಸುವುದು. ಸಕ್ಕರೆಯ ದಾಸ್ತಾನನ್ನು ಹಿಂದಿನ ವಾರಗಳಲ್ಲಿ ಮಾತ್ರ ತುಂಬಲು ಬರುತ್ತದೆ.

ಮೇವಿನ ಮಾತು ಹೇಳಿ ಚಿಕಿತ್ಸೆಯ ಕೊರತೆಯನ್ನು ಮುಚ್ಚಿಹಾಕಲು ನೋಡುತ್ತಿದ್ದೀರಿ, ಹೊಣೆಯನ್ನು ಇಲಾಖೆಯಿಂದ ರೈತನ ಹೆಗಲಿಗೆ ದಾಟಿಸುತ್ತಿದ್ದೀರಿ ಎಂಬ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಚಿಕಿತ್ಸೆ ಬೇಕು, ಈಗಿರುವುದಕ್ಕಿಂತ ಹೆಚ್ಚು ಬೇಕು. ಮೈ ತನ್ನ ಸಕ್ಕರೆಯಿಂದ ಮಾಡುವ ಕೆಲಸವನ್ನೇ ಗಾಢ ಉಪ್ಪಿನ ದ್ರಾವಣ ಬೇಗನೆ ಮಾಡುತ್ತದೆ. ನೂರಕ್ಕೆ 7.2 ಪಾಲಿನ ಆ ದ್ರಾವಣ ಎರಡು ಲೀಟರಿನಷ್ಟು ರಕ್ತನಾಳಕ್ಕೆ ಹೋದರೆ ದೊಡ್ಡ ದನದ ಜೀವಕೋಶಗಳ ನೀರು ನಾಳಕ್ಕೆ ಬರುತ್ತದೆ, ನಂತರ ಅದು ಬೇಕಾದಷ್ಟು ನೀರು ಕುಡಿಯಬೇಕು. ಇಪ್ಪತ್ತು ಬಾಟಲಿ ಸಲೈನ್ ಹೊತ್ತು ತರಲಾಗದ ಹಳ್ಳಿಗೆ ಇದು ಹೇಳಿಮಾಡಿಸಿದ ಔಷಧ. ರಕ್ತ ಹಾಕುವುದೂ ದನಗಳಲ್ಲಿ ನಾವೆಣಿಸಿದಷ್ಟು ಕಷ್ಟವಲ್ಲ. ಅವುಗಳ ರಕ್ತದ ಗುಂಪುಗಳ ವ್ಯವಸ್ಥೆ ಮನುಷ್ಯರದಕ್ಕಿಂತ ಜಟಿಲವಾದರೂ, ಮೊದಲ ಸಲದ ರಕ್ತಪೂರಣ ಹೊಂದಾಣಿಕೆ ಪರೀಕ್ಷೆಯಿಲ್ಲದೆಯೂ ಸಾಮಾನ್ಯವಾಗಿ ಸುರಕ್ಷಿತ. ಆರೋಗ್ಯವಾದ 400 ಕಿಲೋ ದನ ನಾಲ್ಕು ಲೀಟರ್ ಕೊಡಬಲ್ಲದು. ಅದಕ್ಕೆ ಬೇಕಾದದ್ದು ಸಿಟ್ರೇಟ್ ಹಾಕಿದ ಚೀಲ, ದಪ್ಪ ಸೂಜಿ, ರೋಗಮುಕ್ತವೆಂದು ಖಚಿತವಾದ ದಾನಿ ದನ. ಪ್ರತಿ ಹೋಬಳಿಯ ಪಶು ಆಸ್ಪತ್ರೆಯಲ್ಲೂ ಇವು ಇರಬೇಕು ಎಂದು ಕೇಳುವುದು ದುಬಾರಿ ಬೇಡಿಕೆಯಲ್ಲ. ಹೀಗೆ ಹಾಕಿದ ರಕ್ತದ ಕಣಗಳು ದನಗಳಲ್ಲಿ ಹೆಚ್ಚು ದಿನ ಬಾಳುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಕೊಡುವುದು ಕೆಲವು ದಿನಗಳ ಬಿಡುವು. ಆ ಬಿಡುವಿನಲ್ಲಿ ಹೊಸ ರಕ್ತ ಕಟ್ಟಬೇಕಾದದ್ದು ಮತ್ತೆ ಮೇವಿನಿಂದಲೇ. ಇನ್ನು ಹೊಣೆಯ ಮಾತು. ಗಬ್ಬದ ಕಡೆಯ ಎರಡು ತಿಂಗಳಲ್ಲಿ ಹಿಂಡಿ, ಶೇಂಗಾ ಹೊಟ್ಟು, ಕುದುರೆಮೆಂತೆ ಸಿಕ್ಕ ಎಮ್ಮೆ ಚಿಕಿತ್ಸೆಗೂ ಚೆನ್ನಾಗಿ ಸ್ಪಂದಿಸುತ್ತದೆ ಎಂಬುದು ರೈತರಿಗೆ ಗೊತ್ತಿಲ್ಲದ ವಿಷಯವಲ್ಲ. ಕೊಳ್ಳುವ ಶಕ್ತಿ ಇಲ್ಲದಿರುವುದು ತೊಡಕು. ಅದಕ್ಕೇ ಈ ಹೊಣೆ ಸರ್ಕಾರದ್ದು ಎನ್ನುತ್ತಿದ್ದೇನೆ.

ಮಾಡಬಹುದಾದ ಕೆಲಸಗಳಿಗೆ ಬೇಕಾದ ಜ್ಞಾನ ದೂರದಲ್ಲಿಲ್ಲ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರ ಧಾರವಾಡದಲ್ಲೇ ಇದೆ. ಕೃಷಿ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಕುರಿಯ ಕೆಳರೆಪ್ಪೆಯ ಬಣ್ಣವನ್ನು ಐದು ಮೆಟ್ಟಿಲಿನ ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ, ರಕ್ತ ಕಡಿಮೆಯಾದವಕ್ಕೆ ಮಾತ್ರ ಜಂತಿನ ಔಷಧ ಕೊಡುವ ಫಾಮಾಚಾ ಎಂಬ ಕ್ರಮ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡದ್ದು. ಅದಕ್ಕೆ ಪ್ರಯೋಗಶಾಲೆ ಬೇಡ, ಕರೆಂಟು ಬೇಡ. ಎಲ್ಲ ಕುರಿಗೂ ಕಣ್ಣುಮುಚ್ಚಿ ಔಷಧ ಹಾಕಿ ಹುಳುಗಳು ಔಷಧಕ್ಕೇ ಬಗ್ಗದಂತಾಗುವುದನ್ನೂ ಅದು ತಡೆಯುತ್ತದೆ. ರಾಷ್ಟ್ರಧ್ವಜದ ಖಾದಿ ನೇಯುವ ಊರೆಂದು ದೇಶಕ್ಕೆ ಪರಿಚಯವಾದ ಗರಗದ ಹೋಬಳಿಯಿಂದಲೇ ಇದನ್ನು ಆರಂಭಿಸಬಹುದು. ಪಂಚಾಯ್ತಿಗಳು ಮಳೆಗಾಲದ ಮೊದಲು ಮತ್ತು ನಂತರ ಕುರಿಗಳ ರೆಪ್ಪೆ ನೋಡುವ ದಿನ ಗೊತ್ತುಮಾಡಲಿ. ಪಶುಪಾಲನಾ ಇಲಾಖೆ ಮೇವಿನ ನೆರವನ್ನು ಬರ ಘೋಷಣೆಯಾಗುವವರೆಗೆ ಕಾಯಿಸದೆ, ಗಬ್ಬದ ಮತ್ತು ಹೊಸದಾಗಿ ಈದ ಪ್ರಾಣಿಗಳ ಪಟ್ಟಿ ಮಾಡಿ ಅವಕ್ಕೆ ಮೊದಲು ಕೊಡಲಿ. ದನಕರು ಸತ್ತಾಗ ಬರೆಯುವ ವರದಿಯಲ್ಲಿ ಕಾರಣದ ಜೊತೆಗೆ ಪ್ರಾಣಿಯ ಮೈಕಟ್ಟು ಹೇಗಿತ್ತು ಎಂಬ ಒಂದು ಸಾಲನ್ನೂ ಸೇರಿಸಲಿ. ಹಸಿದ ಪ್ರಾಣಿಗಳು ಎಷ್ಟು ಸಣ್ಣ ರಕ್ತನಷ್ಟಕ್ಕೆ ಬಲಿಯಾಗುತ್ತಿವೆ ಎಂಬುದು ಆಗ ದಾಖಲೆಗೆ ಬರುತ್ತದೆ. ಬರುವ ಬೇಸಿಗೆಯೊಳಗೆ ಈ ಮೂರು ಕೆಲಸಗಳನ್ನು ಆರಂಭಿಸಬೇಕೆಂದು ಇಲಾಖೆಯನ್ನೂ ಪಂಚಾಯ್ತಿಗಳನ್ನೂ ಒತ್ತಾಯಿಸುತ್ತೇನೆ.